ಅತ್ತಿಗೆ ಬರೆದ ಚೀಟಿ

ನಮ್ಮ ಅತ್ತಿಗೆಯ ಕೈಗೆ ಸ್ಟೆತಾಸ್ಕೋಪು ಕೊಟ್ಟಿದ್ದರೆ ಈ ಊರಿನ ಆಸ್ಪತ್ರೆಗಳೆಲ್ಲ ಇಷ್ಟೊತ್ತಿಗೆ ಬೀಗ ಜಡಿದುಕೊಂಡು ಹೋಗಿರುತ್ತಿದ್ದವು. ಕೊಟ್ಟದ್ದು ಒಂದು ಮುರುಕು ಕುರ್ಚಿ, ಒಂದು ಪೆನ್ನು, ಅಂಗೈಯಗಲದ ಚೀಟಿಗಳ ಕಟ್ಟು. ಕ್ಲಿನಿಕ್ಕಿನ ಬಾಗಿಲಲ್ಲಿ ಕೂತು ಬಂದವರಿಗೆ ಟೋಕನ್ ಕೊಡುವುದು, ಏನಾಗಿದೆ ಅಂತ ಕೇಳಿ ಚೀಟಿ ಬರೆದು ಒಳಗೆ ಕಳಿಸುವುದು ಅವರ ಕೆಲಸ. ಹದಿನಾರು ವರ್ಷದ ಚೀಟಿಗಳನ್ನು ಸಾಲಾಗಿ ಅಂಟಿಸಿದರೆ ಚಂದ್ರನವರೆಗೆ ಹೋಗಿ ವಾಪಸ್ ಬರಬಹುದು.

ಅತ್ತಿಗೆ ಜನ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಾರೆ. 'ಹೊಟ್ಟೆನೋವು' ಅಂತ ಗೀಚಿ ಕೈತೊಳೆದುಕೊಳ್ಳುವವರಲ್ಲ. 'ಒದ್ದೆ ಬಟ್ಟೆ ಹಿಂಡಿದ ಹಾಗೆ', 'ಕಾಲೊಳಗೆ ಇರುವೆ ಹರಿದ ಹಾಗೆ'. ಪಕ್ಕದಲ್ಲಿ ಚಿಕ್ಕದಾಗಿ ತಮ್ಮ ಮಾತೂ ಇರುತ್ತದೆ. ಬೇಕರಿಯಾಕೆ ಕಾಲು ಮುರಿದುಕೊಂಡು ಬಂದು "ಪರವಾಗಿಲ್ಲ, ಸ್ವಲ್ಪ ಉಳುಕಿದೆ" ಅಂದಾಗ ಅತ್ತಿಗೆ ಬರೆದದ್ದು: 'ಇವರು ಹೆರಿಗೆನೋವಿಗೂ ಪರವಾಗಿಲ್ಲ ಅಂದವರು. ಎಕ್ಸ್‌ರೇ ಬೇಕು.' ಡ್ರಿಲ್ ಮೇಷ್ಟ್ರು ಸೋಮವಾರ ಬೆಳಿಗ್ಗೆ ಮೈಕೈನೋವು, ತಲೆಭಾರ, ಸುಸ್ತು ಮೂರನ್ನೂ ಒಟ್ಟಿಗೆ ಹೊತ್ತು ತಂದರೆ: 'ರಜೆ ಬೇಕಂತೆ.'

ನಾನು ಬೋರ್ಡು ಬರೆಯುವವನು. ನನ್ನ ಅಕ್ಷರ ನೋಡೋಕೆ ಸ್ಟಾಪಿಲ್ಲದ ಕಡೆ ಬಸ್ಸುಗಳು ನಿಲ್ಲುತ್ತವೆ. ಕಾಯಿಲೆಯಲ್ಲೂ ನಾನು ಸಣ್ಣ ಅಕ್ಷರದವನಲ್ಲ. ನೆಗಡಿಯಾದರೆ 'ಮೆದುಳು ಕರಗಿ ಮೂಗಿನಲ್ಲಿ ಇಳೀತಿದೆ' ಅಂತಲೇ ಬರೆಸುತ್ತೇನೆ. ಒಮ್ಮೆ ಕೆಮ್ಮು ಬಂದಾಗ, ನನ್ನ ನಂತರ ಏಣಿ ಯಾರಿಗೆ ಸೇರಬೇಕು ಅಂತ ಅಣ್ಣನಿಗೆ ಹೇಳಿಟ್ಟಿದ್ದೆ. ಅತ್ತಿಗೆ ನಲವತ್ತನೇ ಟೋಕನ್ ಕೊಟ್ಟು, "ಅಲ್ಲೀತನಕ ಬದುಕಿದ್ರೆ ಒಳಗೆ ಹೋಗು" ಅಂದಿದ್ದರು.

ಹೋದ ವರ್ಷ ಹಳೇ ಡಾಕ್ಟ್ರು ಹೋಗಿ ಎಳೇ ಡಾಕ್ಟ್ರು ಬಂದರು. ಮೊದಲ ದಿನವೇ ಚೀಟಿ ನೋಡಿ, "ಏನ್ರೀ ಇದು, ಕಾದಂಬರಿ ಬರೀತೀರಾ? ಜ್ವರ, ನೋವು, ಇತರೆ. ಮೂರರಲ್ಲಿ ಒಂದು ಬರೀರಿ, ಸಾಕು" ಅಂದರು. ಅತ್ತಿಗೆ ತಲೆಯಾಡಿಸಿದರು. ಆ ತಲೆಯಾಟವನ್ನು ಒಪ್ಪಿಗೆ ಅಂದುಕೊಂಡು ಮೋಸಹೋದವರಲ್ಲಿ ನಮ್ಮಣ್ಣ ಮೊದಲಿಗ.

ಅದಾಗಿ ವಾರಕ್ಕೆ, ಕ್ಲಿನಿಕ್ಕಿನ ಎದುರಿನ ಪಾತ್ರೆ ಅಂಗಡಿಗೆ ಬೋರ್ಡು ಬರೆಯುತ್ತಿದ್ದೆ. 'ಪಾ' ಮುಗಿಯುವಷ್ಟರಲ್ಲಿ ಎಡಗೈ ಭಾರವಾಯಿತು, ಅಂಗಿ ಬೆವರಿಗೆ ಅಂಟಿಕೊಂಡಿತು. ಏಣಿ ಇಳಿದು ರಸ್ತೆ ದಾಟಿ ಅತ್ತಿಗೆಯ ಮೇಜಿಗೆ ಒರಗಿದೆ.

"ಏನಪ್ಪಾ, ಇವತ್ತು ಯಾವ ಅಂಗ ಉದುರಿಹೋಯ್ತು?"

"ಏನಿಲ್ಲ ಅತ್ತಿಗೆ. ಸ್ವಲ್ಪ ಒಂಥರಾ ಆಗ್ತಿದೆ. ಕೂತ್ಕೊಳ್ಳಲಾ?"

ಅತ್ತಿಗೆ ನಗಲಿಲ್ಲ. ಒಂದು ಸಾಲು ಬರೆದರು, ನನ್ನ ರಟ್ಟೆ ಹಿಡಿದರು, ಕಾಯುತ್ತಿದ್ದ ಇಪ್ಪತ್ತೆರಡು ಮಂದಿಯನ್ನು ದಾಟಿ ಒಳಗೆ ನುಗ್ಗಿದರು.

ಡಾಕ್ಟ್ರು ಕತ್ತೆತ್ತಿ, "ನಡ್ಕೊಂಡೇ ಬಂದಿದ್ದಾರಲ್ಲ, ಗ್ಯಾಸಿರಬೇಕು. ಹೊರಗೆ ಕೂರಿಸಿ" ಅಂದರು.

"ಇವನಿಗೆ ಗ್ಯಾಸಾದ್ರೆ ಹೊಟ್ಟೆ ಒಡೆದುಹೋಯ್ತು ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗ್ತಾನೆ ಡಾಕ್ಟ್ರೇ. ಹದಿನೈದು ವರ್ಷದಲ್ಲಿ ಇವನ ಬಾಯಲ್ಲಿ 'ಸ್ವಲ್ಪ' ಅನ್ನೋದು ಇವತ್ತೇ ಕೇಳಿದ್ದು. ಕೂರೋಕೆ ಅಪ್ಪಣೆ ಬೇರೆ ಕೇಳ್ದ! ಈಸಿಜಿ ತೆಗೀರಿ. ಸುಳ್ಳಾದ್ರೆ ನಾಳೆಯಿಂದ ನಾನು ಬರಲ್ಲ."

ಡಾಕ್ಟ್ರು ಚೀಟಿ ಓದಿದರು. 'ಈತ ಸಾಯ್ತೀನಿ ಅಂತಿಲ್ಲ. ನನಗೆ ಭಯ ಆಗ್ತಿದೆ.' ಯಂತ್ರ ಕಾಗದ ಉಗುಳಿತು. ಆಮೇಲೆ ಅವರು ಮಾತಾಡಿದ್ದೆಲ್ಲ ಆಂಬುಲೆನ್ಸಿನವರ ಜೊತೆ.

ದೊಡ್ಡಾಸ್ಪತ್ರೆಯಲ್ಲಿ, ಹೃದಯದ ರಕ್ತನಾಳ ಮುಚ್ಚಿಹೋಗಿತ್ತು ಅಂತ ಸ್ಪ್ರಿಂಗಿನಂಥದ್ದೇನೋ ಕೂರಿಸಿದರು. ಅಷ್ಟು ದೊಡ್ಡ ಹೃದಯ ಈವರೆಗೆ ನೋಡೇ ಇರಲಿಲ್ಲವಂತೆ. ಹಾಗಂತ ಯಾರೂ ಹೇಳಲಿಲ್ಲ, ಅಲ್ಲಿನ ಡಾಕ್ಟ್ರುಗಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಮೂರನೇ ದಿನ ಎಳೇ ಡಾಕ್ಟ್ರು ಬಂದರು. ನನ್ನ ಯೋಗಕ್ಷೇಮ ಒಂದೇ ಉಸಿರಿಗೆ ಮುಗಿಸಿ, ಮೂರು ದಿನದಿಂದ ನನ್ನ ಮಂಚದ ಪಕ್ಕದಲ್ಲೇ ಇದ್ದ ಅತ್ತಿಗೆಯ ಕಡೆ ತಿರುಗಿದರು.

"ನೀವಿಲ್ಲದೆ ಕಷ್ಟ ಆಗಿದೆಯಮ್ಮಾ. ಎಲ್ರೂ ಬರೀ ನೋವು ನೋವು ಅಂತಾರೆ, ನನಗೊಂದೂ ತಿಳೀತಿಲ್ಲ. ನಿನ್ನೆ ಹೂವಿನ ಅಂಗಡಿಯಜ್ಜ ಬಂದು ಎದೇಲಿ ಪಾರಿವಾಳ ಕೂತ ಹಾಗಿದೆ ಅಂದ್ರು. ಇವತ್ತು ಸಂಜೆ ಮತ್ತೆ ಬರೋಕೆ ಹೇಳಿದೀನಿ. ಏನಂತ ತಿಳ್ಕೊಳ್ಳಲಿ?"

ಅತ್ತಿಗೆ ಸ್ಟೂಲು ಮುಂದಕ್ಕೆಳೆದುಕೊಂಡರು.

"ಮೊದಲು ಇದು ಹೇಳಿ. ಹಾಗಂದಾಗ ಅಜ್ಜ ನಕ್ಕರಾ, ಇಲ್ವಾ?"