ಟೈಲರಮ್ಮ ಆ್ಯಪಿನ ಅಳತೆ ತೆಗೆದದ್ದು

"ಇವತ್ತಿನ ಪಟ್ಟಿಯಲ್ಲಿ ನಿಮ್ಮ ಅತ್ತೆ ಹೆಸರೇ ಇಲ್ಲಮ್ಮ" ಎಂದುಬಿಟ್ಟರು ಕಣ್ಣಾಸ್ಪತ್ರೆಯಲ್ಲಿ. ಟೈಲರಮ್ಮನಿಗೆ ಅಳು ಬರುವುದೊಂದು ಬಾಕಿ. ಅತ್ತೆಗೆ ಎರಡೂ ಕಣ್ಣಿಗೆ ಪೊರೆ. ಮೆಟ್ಟಿಲು ಮುಗಿಯಿತೋ ಇಲ್ಲವೋ ಎಂದು ಕಾಲಲ್ಲಿ ತಡವಿ ನೋಡುವ ಪಾಡು. ಆಪರೇಷನ್ನಿಗೆ ಆಸ್ಪತ್ರೆಯ ಆ್ಯಪಿನಲ್ಲಿ ಟೈಲರಮ್ಮ ತಾನೇ ದಿನ ಆರಿಸಿದ್ದಳು. ಹಸಿರು ಸರಿಗುರುತು ಮೂಡಿತ್ತು. ಅವಳ ಅಂಗಡಿಯಲ್ಲಿ ಹೊಲಿದು ಮುಗಿದ ಬಟ್ಟೆಗೆ ಸೀಮೆಸುಣ್ಣದಲ್ಲಿ ಹಾಕುವುದೂ ಅದೇ ಗುರುತು. ಸರಿ, ಕೆಲಸ ಮುಗಿಯಿತೆಂದು ಫೋನ್ ಕೆಳಗಿಟ್ಟಿದ್ದಳು.

ಸಂಜೆ ಪಕ್ಕದ ಮನೆಯ ನರ್ಸಕ್ಕ ಬಂದಳು. ಅವಳಿಗೆ ಅದೇ ಆಸ್ಪತ್ರೆಯಲ್ಲಿ ಕೆಲಸ.

"ನನ್ನ ತಲೇಲಿ ಬರೀ ಮಣ್ಣು, ಅಕ್ಕಾ. ಓದಿದೋರ ಸಾಮಾನು ನಮಗ್ಯಾಕೆ?"

"ಸುಮ್ನಿರೇ! ಈ ತಿಂಗಳು ಹದಿಮೂರು ಜನ ನಿನ್ನ ಹಾಗೇ ವಾಪಸ್ ಹೋದ್ರು. ಅಷ್ಟೂ ತಲೇಲಿ ಮಣ್ಣಾ? ನಾಳೆ ಆ್ಯಪ್ ಮಾಡಿದೋನು ಬರ್ತಾನೆ. ಅವನೆದುರು ಒತ್ತಿ ತೋರಿಸು."

"ನನ್ನ ನೋಡಿ ನಗಲಿ ಅಂತಾನಾ?"

ಒಳಗಿಂದ ಅತ್ತೆ ಕೂಗಿದರು: "ಹೋಗೇ ತಾಯಿ! ನನ್ನ ಕಣ್ಣಿಗಿಂತ ನಿನ್ನ ನಾಚಿಕೆ ಹೆಚ್ಚಾಯ್ತಾ?"

ಮರುದಿನ ಆಸ್ಪತ್ರೆಯಲ್ಲಿ ಟೈಲರಮ್ಮ ಆ್ಯಪ್ ತೆರೆದಳು. ಅದನ್ನು ಮಾಡಿದಾತ ಎಲ್ಲಿ ಒತ್ತಬೇಕೆಂದು ಬೆರಳಿಟ್ಟು ತೋರಿಸಹೊರಟ. ನರ್ಸಕ್ಕ ಗದರಿದಳು: "ಸುಮ್ನೆ ನೋಡಪ್ಪಾ. ಮನೇಲಿ ಇವಳ ಪಕ್ಕ ನೀನಿರ್ತೀಯಾ?"

ಟೈಲರಮ್ಮ ದಿನ ಆರಿಸಿದಳು, ಗುರುತು ಕಂಡಳು, ಫೋನ್ ಕೆಳಗಿಟ್ಟಳು. "ಆಯ್ತು."

"ಆಗಿಲ್ಲಮ್ಮ" ಎಂದ ಆತ. "ಪರದೇನ ಮೇಲಕ್ಕೆ ಸರಿಸಿದ್ರೆ ಕೆಳಗೆ 'ಖಚಿತಪಡಿಸಿ' ಅಂತ ಬಟನ್ ಇದೆ."

"ಕೆಳಗಿದೆ ಅಂತ ನನಗೇನು ಕನಸು ಬೀಳುತ್ತಾ?" ಟೈಲರಮ್ಮನಿಗೆ ರೇಗಿಹೋಯಿತು. "ಅಂಗಿ ಬಿಗಿಯಾದ್ರೆ ನಾನು ಗಿರಾಕಿ ಮೈ ಕತ್ತರಿಸ್ತೀನಾ? ಹೊಲಿಗೆ ಬಿಚ್ತೀನಿ!"

ಆತನ ಮುಖ ಸಪ್ಪಗಾಯಿತು. "ನಾವು ಐದು ಜನ ಇದನ್ನ ನೂರು ಸಲ ಒತ್ತಿದೀವಮ್ಮ. ಎಲ್ಲಿದೆ ಅಂತ ನಮಗೆ ಗೊತ್ತಿತ್ತಲ್ಲ, ಹೊಳೀಲೇ ಇಲ್ಲ" ಎಂದು ಅಲ್ಲೇ ಬರೆದುಕೊಂಡ.

ನಾಲ್ಕೇ ದಿನದಲ್ಲಿ ಆ್ಯಪ್ ಬದಲಾಯಿತು. ದಿನದ ಪಕ್ಕದಲ್ಲೇ ದಪ್ಪ ಅಕ್ಷರದ ಬಟನ್. ಅದನ್ನು ಒತ್ತುವ ತನಕ ಸರಿಗುರುತು ಇಲ್ಲ. ಈ ಸಲ ಫೋನನ್ನು ಮೂಗಿಗೆ ತಾಗಿಸಿಕೊಂಡು ಅತ್ತೆಯೇ ಒತ್ತಿದರು. "ಯಾರನ್ನೂ ಕೇಳ್ಲಿಲ್ಲ ಕಣೇ!" ಎಂದು ಹಿಗ್ಗಿದರು. ಆರಿಸಿದ ದಿನ ಆಸ್ಪತ್ರೆಯ ಪಟ್ಟಿಯಲ್ಲಿ ಅವರದೇ ಮೊದಲ ಹೆಸರು.

ಆಪರೇಷನ್ ಆಗಿ ಕಣ್ಣಿನ ಬ್ಯಾಂಡೇಜು ಬಿಚ್ಚಿದ ಬೆಳಿಗ್ಗೆ ಅತ್ತೆ ಸೊಸೆಯ ಮುಖವನ್ನೇ ನೋಡುತ್ತ ಕೂತರು. "ಅಯ್ಯೋ, ಇಷ್ಟು ಸೊರಗಿದೀಯಲ್ಲೇ! ನನಗೆ ಕಂಡೇ ಇರ್ಲಿಲ್ಲ."

ಅಕ್ಕಂದಿರೇ, ಅಣ್ಣಂದಿರೇ, ಪರದೆಯ ಮುಂದೆ ತಬ್ಬಿಬ್ಬಾದರೆ "ನನಗೆ ಬರಲ್ಲ" ಎನ್ನಬೇಡಿ. ಎಲ್ಲಿ ತೊಡಕಾಯಿತೆಂದು ಬಾಯಿಬಿಟ್ಟು ಹೇಳಿ. ಆ್ಯಪ್ ಮಾಡುವವರೇ, ಜನರ ಕೈಗೆ ಕೊಡುವ ಮೊದಲು ನಾಲ್ಕು ಜನರನ್ನು ಕರೆದು ಕೂರಿಸಿ. ಅವರು ಒತ್ತಲಿ, ನೀವು ಬಾಯಿ ಮುಚ್ಚಿಕೊಂಡು ನೋಡಿ. ಆ ಕಡೆ ಯಾರದೋ ಕಣ್ಣು ಕಾಯುತ್ತಿರುತ್ತದೆ.