ಸವಳು ನೀರಿನ ಬಾಣಂತಿ

ಬೈಲಹೊಂಗಲದಲ್ಲಿ ನಮ್ಮ ಹಿತ್ತಲ ಬೋರಿನ ನೀರೆಂದರೆ ಮೂಗು ಮುರಿಯದವರಿಲ್ಲ. ಬೇಳೆ ಬೇಯುವುದಿಲ್ಲವಂತೆ, ಸಾಬೂನು ನೊರೆ ಬರುವುದಿಲ್ಲವಂತೆ, ಕೊಡದ ತಳಕ್ಕೆ ಸುಣ್ಣ ಕಟ್ಟುತ್ತದಂತೆ. ಕಟ್ಟಲಿ. ಅದೇ ಸವಳು ನೀರು ಕುಡಿದ ನಾನು ಈ ವಯಸ್ಸಿನಲ್ಲೂ ಹಲ್ಲಿನಿಂದಲೇ ಕಬ್ಬು ಸಿಗಿಯುತ್ತೇನೆ. ಓಣಿಯ ಬಾವಿಗಳೆಲ್ಲ ಬತ್ತಿದ ವರ್ಷ ನಮ್ಮ ಮನೆಯವರು ಬಿಸಿಲಲ್ಲಿ ನಿಂತು ಹೊಡೆಸಿದ ಬೋರು ಅದು. ಅವರು ಹೋದರು, ನೀರು ಉಳಿದಿದೆ. ಅದನ್ನು ಹೀಗಳೆದು ಯಾರಾದರೂ ಹೆಸರಿಟ್ಟರೆ ನನಗೆ ಮೈಯೆಲ್ಲ ಉರಿಯುತ್ತದೆ.

ಎಲ್ಲರಿಗಿಂತ ಹೆಚ್ಚು ಹೆಸರಿಟ್ಟವಳು ನನ್ನ ಸೊಸೆ ಉಮಾಶ್ರೀ. ಅವಳ ತವರು ಮುನವಳ್ಳಿ. ಪಕ್ಕದಲ್ಲೇ ನವಿಲುತೀರ್ಥದ ಅಣೆಕಟ್ಟು, ಮಲಪ್ರಭೆಯ ಸಿಹಿನೀರು ಕುಡಿದು ಬೆಳೆದ ಹುಡುಗಿ. ಮದುವೆಯಾಗಿ ಬಂದ ದಿನವೇ ತಂಬಿಗೆ ಬಾಯಿಗಿಟ್ಟು ಮುಖ ಕಿವುಚಿದ್ದಳು. ಹೆರಿಗೆಗೆ ತವರಿಗೆ ಹೋದವಳು ತಿಂಗಳುಗಟ್ಟಲೆ ಬರಲಿಲ್ಲ. ಕರೆಯಲು ಹೋದರೆ ಬೀಗತಿ ನನ್ನೆದುರಿಗೇ, "ಬಾಣಂತಿಗೆ ಬೋರಿನ ನೀರ ಆಗಂಗಿಲ್ಲರಿ" ಅಂದಳು. ಆ ಮಾತನ್ನು ನಾನು ನುಂಗಿಕೊಂಡೆ. ನುಂಗಿಕೊಂಡೆನೇ ಹೊರತು ಮರೆಯಲಿಲ್ಲ.

ಇಂಥ ಸೊಸೆಗೆ ಕಳೆದ ವರ್ಷ ಮೀನಿನ ಹುಚ್ಚು ಹಿಡಿಯಿತು. ನನ್ನ ಮಗ ಶ್ರೀಶೈಲ ಪಂಪಿನ ಮೋಟರು ರಿಪೇರಿ ಮಾಡುವವನು, ಹೆಂಡತಿ ಕೇಳಿದ್ದಕ್ಕೆಲ್ಲ ಹೂಂ ಅನ್ನುವವನು. ಹುಬ್ಬಳ್ಳಿಯಿಂದ ಗಾಜಿನ ದೊಡ್ಡ ತೊಟ್ಟಿ ತಂದು ಪಡಸಾಲೆಯಲ್ಲಿ ಇಟ್ಟ. ಅದರೊಳಗೆ ಆಫ್ರಿಕಾದ ಯಾವುದೋ ದೊಡ್ಡ ಸರೋವರದ ಹಳದಿ ಮೀನುಗಳು. ಪಕ್ಕದ ಮನೆಯ ಬಾಯವ್ವ ಓಡಿ ಬಂದಳು.

"ರಾಚಕ್ಕಾ, ಲಿಂಗವಂತರ ಮನ್ಯಾಗ ಮೀನಾ? ಯಾವಾಗಿಂದ ತಿನ್ನಾಕ ಹತ್ತೀರಿ?"

"ನೋಡಾಕ ತಂದೇವಿ. ನಿನಗ ತಿನ್ನೂ ಆಸೆ ಆಗಿದ್ರ ಬ್ಯಾರೇ ಮನಿ ನೋಡು" ಅಂದೆ. ಸೊಸೆಯ ಮೇಲೆ ನನಗೆ ಸಿಟ್ಟಿರಬಹುದು, ಊರವರಿಗೆ ಬಿಟ್ಟುಕೊಡುವುದುಂಟೇ?

ಉಮಾಶ್ರೀಗೆ ಒಂದೇ ಆಸೆ. ಈ ಜಾತಿಯ ಹೆಣ್ಣುಮೀನು ತತ್ತಿ ಇಟ್ಟು ಬಿಟ್ಟು ಹೋಗುವುದಿಲ್ಲವಂತೆ. ತತ್ತಿಗಳನ್ನು ಬಾಯಲ್ಲಿ ತುಂಬಿಕೊಂಡು, ಮರಿಯಾಗುವವರೆಗೆ ಊಟ ಬಿಟ್ಟು, ಬಾಯಲ್ಲೇ ಕಾಯುತ್ತದಂತೆ. ಅದನ್ನು ತನ್ನ ಮನೆಯಲ್ಲಿ ಕಣ್ಣಾರೆ ನೋಡಬೇಕು ಅಂತ ಅವಳು. ಮೀನು ಕೊಟ್ಟ ಅಂಗಡಿಯ ನಾಸಿರ ಮೊದಲೇ ಹೇಳಿದ್ದ: "ನಮ್ಮಲ್ಲಿ ಒಮ್ಮಿನೂ ಮರಿ ಆಗಿಲ್ಲರಿ ಅಕ್ಕಾರ. ನಿಮ್ಮಲ್ಲಿ ಆದ್ರ ನನಗ ಫೋನ್ ಮಾಡ್ರಿ."

ಮನೆಗೆ ಬಂದ ಬೀಗರಿಗೆ ಬೋರಿನ ನೀರು ಕೊಡದ ಸೊಸೆ ಆಫ್ರಿಕಾದ ಬೀಗರಿಗೆ ಕೊಡುತ್ತಾಳೆಯೇ? ಫಿಲ್ಟರ್ ನೀರಿನ ಕ್ಯಾನು ತರಿಸಿ ತರಿಸಿ ತೊಟ್ಟಿಗೆ ಸುರಿದಳು. ಮೀನುಗಳೋ, ಬಂದಾಗ ಅರಿಶಿನ ಹಚ್ಚಿದ ಮದುಮಕ್ಕಳ ಹಾಗಿದ್ದವು, ಬರುಬರುತ್ತಾ ಬಿಳಿಚಿಕೊಂಡವು. ಒಂದೊಂದಾಗಿ ಸತ್ತವು. ಕೊನೆಗೆ ಉಳಿದದ್ದು ಒಂದು ಗಂಡು, ಎರಡು ಹೆಣ್ಣು. ಸತ್ತ ಮೀನನ್ನು ಅವಳು ದಾಸವಾಳದ ಬುಡದಲ್ಲಿ ಹೂಳಿ ಕಣ್ಣೊರೆಸಿಕೊಳ್ಳುವುದನ್ನು ನೋಡಿ ನನಗೂ ಸಂಕಟವಾಗುತ್ತಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ಉಮಾಶ್ರೀ ಅಣ್ಣನ ಮಗುವಿನ ತೊಟ್ಟಿಲ ಕಾರ್ಯಕ್ಕೆ ಮುನವಳ್ಳಿಗೆ ಹೋದಾಗ ತೊಟ್ಟಿಯ ಪೈಪು ಕಳಚಿತು. ನಾನು ಎದ್ದು ಬರುವಷ್ಟರಲ್ಲಿ ಪಡಸಾಲೆಯೆಲ್ಲ ನೀರು, ತೊಟ್ಟಿಯಲ್ಲಿ ಅಂಗೈ ಮುಳುಗುವಷ್ಟೂ ಇಲ್ಲ. ಮೀನುಗಳು ಅಡ್ಡಬಿದ್ದು ಒದ್ದಾಡುತ್ತಿದ್ದವು. ಕ್ಯಾನಿನ ನೀರು ತರೋಣವೆಂದರೆ ಊರಿಗೆಲ್ಲ ಕ್ಯಾನು ತುಂಬಿಸುವ ಫಿಲ್ಟರ್ ಮಿಶಿನ್ನು ಕೆಟ್ಟು ಕುಳಿತಿತ್ತು. ನಾನೇನು ಮಾಡಲಿ? ಬೋರಿನ ನೀರನ್ನು ತಂಬಿಗೆ ತಂಬಿಗೆಯಾಗಿ ಹಾಕಿದೆ. ತೊಟ್ಟಿ ತುಂಬಿತು, ಮೀನುಗಳು ನೆಟ್ಟಗಾದವು.

ಊರಿಂದ ಬಂದವಳು ಗಾಜಿಗೆ ಕಟ್ಟಿದ ಬಿಳಿ ಗೆರೆ ನೋಡಿಯೇ ಹಿಡಿದಳು.

"ಅತ್ತಿ, ಯಾವ ನೀರ ಹಾಕೀರಿ?"

"ನಮ್ಮನ್ಯಾಗ ಎಷ್ಟ ನಮೂನಿ ನೀರ ಐತಿ? ಬೋರಿಂದು."

"ಕೊಂದ್ರಿ ನೋಡ್ರಿ! ನಾಜೂಕ ಮೀನ ಅವು."

"ನಾವು ಅದನ್ನ ಕುಡದು ಬದುಕೇವಿ. ನಿನ್ನ ಮೀನ ಏನ ಜಹಗೀರದಾರನ ಮಕ್ಕಳೇನ?"

ಆ ದಿನ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಉಂಡೆವು. ಮಿಶಿನ್ನು ಸರಿಯಾಗುವವರೆಗೆ ಅವಳೂ ಏನೂ ಮಾಡುವ ಹಾಗಿರಲಿಲ್ಲ. ಅಷ್ಟರಲ್ಲಿ ಮೀನುಗಳ ಮೈಗೆ ಅರಿಶಿನ ಮರಳಿ ಬಂತು. ಗಂಡು ಉಸುಕಿನಲ್ಲಿ ಗುಳಿ ತೋಡಿ, ರೆಕ್ಕೆ ಬಿಚ್ಚಿ, ಹೆಣ್ಣಿನ ಸುತ್ತ ಕುಣಿಯತೊಡಗಿತು. ನಾನು ನೋಡಿಯೂ ನೋಡದವಳ ಹಾಗೆ ಕಸ ಹೊಡೆದೆ. ಮುಂದೆ ಒಂದು ಬೆಳಿಗ್ಗೆ ಉಮಾಶ್ರೀ ಕಾಳು ಹಾಕಿದರೆ ದೊಡ್ಡ ಹೆಣ್ಣುಮೀನು ತಿನ್ನಲಿಲ್ಲ. ಗದ್ದ ಉಬ್ಬಿತ್ತು. ಎಲೆಯಡಿಕೆ ತುಂಬಿಕೊಂಡವಳ ಹಾಗೆ ಬಾಯಿ ಬಿಗಿಹಿಡಿದು ಮೆಲ್ಲಗೆ ಆಡಿಸುತ್ತಿತ್ತು.

"ಅತ್ತಿ, ತತ್ತಿ ಹಿಡದೈತ್ರಿ!" ಅಂತ ಅವಳು ನನ್ನ ರಟ್ಟೆ ಹಿಡಿದು ಕುಣಿದಳು. ಜಗಳವಾಡಿದ್ದು ಇಬ್ಬರಿಗೂ ಮರೆತೇ ಹೋಯಿತು.

ಮರೆತದ್ದು ಮಧ್ಯಾಹ್ನದವರೆಗೆ ಮಾತ್ರ. ಮರಿಗಳನ್ನು ಉಳಿದ ಮೀನುಗಳು ತಿಂದುಬಿಡುತ್ತವೆಂದು ಶ್ರೀಶೈಲ ಬೇರೆ ಸಣ್ಣ ತೊಟ್ಟಿ ತಂದಿದ್ದ. ನೋಡಿದರೆ ಅದರ ಪಕ್ಕದಲ್ಲಿ ಫಿಲ್ಟರ್ ನೀರಿನ ಕ್ಯಾನು. ಮಿಶಿನ್ನು ಸರಿಯಾಗಿತ್ತು.

"ಇದ್ಯಾಕ?" ಅಂದೆ.

"ಬಾಣಂತಿ ಅಲ್ಲೇನ್ರಿ ಅತ್ತಿ? ಇನ್ನರ ಚಲೋ ನೀರ ಕೊಡೂನು."

ನುಂಗಿಕೊಂಡಿದ್ದ ಮಾತು ಗಂಟಲಿಗೆ ಬಂತು. ಕ್ಯಾನಿನ ಮುಚ್ಚಳದ ಮೇಲೆ ಕೈಯಿಟ್ಟು ನಿಂತೆ.

"ನಿನ್ನ ಸಿಹಿನೀರಾಗ ವರ್ಷ ಇದ್ದೂವು. ಬಣ್ಣ ಹೋತು, ಜೀವ ಹೋತು. ಒಂದ ತತ್ತಿ ಇಟ್ಟೂವೇನು? ಯಾವ ನೀರಾಗ ಬಸರಾಗೈತೋ ಅದ ನೀರಾಗ ಬಾಣಂತನ ಆಗಲಿ."

"ಮರಿ ಸತ್ರ?"

"ಸತ್ರ ಅಡಗಿ ಮನಿಗೂ ಕ್ಯಾನ ತರಿಸು. ಬೋರಿನ ನಳಾ ಕಿತ್ತ ಒಗಿ. ನಾ ತುಟಿ ಪಿಟಕ್ಕನ್ನಂಗಿಲ್ಲ."

ಉಮಾಶ್ರೀ ಮುಚ್ಚಳದ ಮೇಲಿದ್ದ ನನ್ನ ಕೈ ಸರಿಸಿದಳು. ಕ್ಯಾನು ತೆಗೆದು ಮೂಲೆಗಿಟ್ಟಳು. ಹಿತ್ತಲಿಗೆ ಹೋಗಿ ಕೊಡ ತುಂಬಿ ತಂದು ಸಣ್ಣ ತೊಟ್ಟಿಗೆ ತಾನೇ ಸುರಿದು, ತತ್ತಿ ಹಿಡಿದ ಮೀನನ್ನು ಮೆಲ್ಲಗೆ ಅದರೊಳಗೆ ಬಿಟ್ಟಳು.

ಮಾತೇನೋ ಆಡಿಬಿಟ್ಟೆ, ಆಮೇಲೆ ನನ್ನ ಜೀವದಲ್ಲಿ ಜೀವವಿಲ್ಲ. ಗಂಡ ಹೊಡೆಸಿದ ನೀರಿನ ಮಾನವನ್ನು ಒಂದು ಬೆರಳುದ್ದದ ಮೀನಿನ ಮೇಲೆ ಪಣಕ್ಕಿಟ್ಟಿದ್ದೆ. ಅದು ತಿನ್ನುತ್ತಿರಲಿಲ್ಲ. ಹೊಟ್ಟೆ ಬೆನ್ನಿಗೆ ಹತ್ತಿ ತಲೆಯೊಂದೇ ದೊಡ್ಡದಾಗಿ ಕಾಣುತ್ತಿತ್ತು. ಹೆತ್ತವಳು ಹಸಿದಿರುವುದನ್ನು ನೋಡಿಕೊಂಡು ನನ್ನಂಥವಳು ರೊಟ್ಟಿ ಮುರಿಯುವುದು ಹೇಗೆ? ಕಾಳಿನ ಡಬ್ಬಿಗೆ ಎಷ್ಟು ಸಲ ಕೈಹಾಕಿ ಎಷ್ಟು ಸಲ ತೆಗೆದೆನೋ. ಬಾಯಿ ತೆರೆದರೆ ತತ್ತಿ ನುಂಗಿಬಿಡುತ್ತದೆ ಅಂತ ಉಮಾಶ್ರೀ ಹೆದರಿಸಿದ್ದಳು. ಬಾಣಂತಿ ಕೋಣೆಗೆ ಪರದೆ ಕಟ್ಟುವ ಹಾಗೆ ತೊಟ್ಟಿಗೆ ನನ್ನ ಹಳೆಯ ಇಳಕಲ್ ಸೀರೆ ಹೊದಿಸಿದೆ. ಬಾಯವ್ವ, "ಕುಬಸಾ ಮಾಡ್ರಿ, ಉಣ್ಣಾಕ ಬರತೇನಿ" ಅಂತ ಸೀಮಂತದ ಊಟ ಕೇಳಿ ನಗಾಡಿದಳು. ನಗಲಿ. ಯಾರೂ ಇಲ್ಲದಾಗ ಸೀರೆಯ ಅಂಚು ಸರಿಸಿ ಮೀನಿಗೆ ಹೇಳುತ್ತಿದ್ದೆ: "ಯವ್ವಾ, ನಿನ್ನ ಬಾಯಾಗ ನಿನ್ನ ಮಕ್ಕಳಷ್ಟ ಅಲ್ಲ, ನನ್ನ ಮರ್ಯಾದಿನೂ ಐತಿ. ಉಗುಳಬ್ಯಾಡ, ನುಂಗಬ್ಯಾಡ."

ಅವತ್ತು ರೊಟ್ಟಿ ಬಡಿಯುತ್ತಿದ್ದೆ. "ಅತ್ತೀ!" ಅಂತ ಕೂಗು ಬಂತು. ಹಿಟ್ಟಿನ ಕೈಯಲ್ಲೇ ಓಡಿದೆ. ಮೀನು ಬಾಯಿ ತೆರೆದಿತ್ತು. ಅಕ್ಕಿಕಾಳಿನಷ್ಟು ಮರಿಗಳು, ಕಣ್ಣೇ ದೊಡ್ಡದು, ಒಂದರ ಹಿಂದೆ ಒಂದು ಹೊರಗೆ ಬರುತ್ತಿದ್ದವು. ನಾನು ಬಗ್ಗಿದ್ದೇ ತಡ, ನೆರಳಿಗೆ ಬೆದರಿ ಎಲ್ಲವೂ ಮತ್ತೆ ತಾಯಿಯ ಬಾಯೊಳಗೆ ನುಗ್ಗಿದವು. ತಾಯಿ ಬಾಯಿ ಮುಚ್ಚಿಕೊಂಡು ನನ್ನನ್ನೇ ದಿಟ್ಟಿಸಿತು. ನಾನು ಹಿಂದೆ ಸರಿದೆ. ಮರಿಗಳು ಮತ್ತೆ ಬಂದವು. ಉಮಾಶ್ರೀ ಎಣಿಸಲು ಬೆರಳೆತ್ತಿದಳು, ನಾನು ಕೈಮೇಲೆ ಒಂದು ಕೊಟ್ಟೆ.

"ಹಸುಗೂಸ ಎಣಸಬಾರದು, ದೃಷ್ಟಿ ಆಗತೈತಿ."

ಅವಳು ಅಳುತ್ತ ನಗುತ್ತ ನನ್ನ ಹೆಗಲಿಗೆ ಒರಗಿದಳು. ಅವಳ ಸೀರೆಗೆಲ್ಲ ಹಿಟ್ಟಾಯಿತು. ತಾಯಿಮೀನಿಗೆ ಮೊದಲ ಕಾಳನ್ನು ನಾನೇ ಹಾಕಿದೆ. ಗಬಕ್ಕನೆ ತಿಂದಿತು. ಆಹಾ, ಅಂಥ ಸುಖ ನನಗೆ ಮೊಮ್ಮಗ ಹುಟ್ಟಿದಾಗಲೂ ಸಿಕ್ಕಿರಲಿಲ್ಲ. ಅವನು ಹುಟ್ಟಿದ್ದು ಮುನವಳ್ಳಿಯಲ್ಲಿ, ಇವು ಹುಟ್ಟಿದ್ದು ನನ್ನ ನೀರಿನಲ್ಲಿ.

ವಾರ ಕಳೆಯಿತು, ಒಂದು ಮರಿಯೂ ಸಾಯಲಿಲ್ಲ. ಉಮಾಶ್ರೀ ಹುಬ್ಬಳ್ಳಿಯ ನಾಸಿರನಿಗೆ ಫೋನ್ ಹಚ್ಚಿ ಮರಿಗಳನ್ನು ತೋರಿಸಿದಳು. ಅವನು ಅಂಗಡಿಯಲ್ಲೇ ಎದ್ದು ನಿಂತ.

"ಏನ ಮಾಡಿದ್ರಿ ಅಕ್ಕಾರ? ಯಾವ ಔಷಧ? ಯಾವ ನೀರ?"

"ಔಷಧ ಇಲ್ಲ. ಸವಳ ನೀರ."

"ಅದಕ್ಕ ಮತ್ತ! ಅವು ಹುಟ್ಟಿದ ಸರೋವರದ ನೀರೂ ಹಂಗ ಇರತೈತಂತ್ರಿ, ಗಡಸ. ಅಂಥಾ ನೀರ ನಿಮಗೆಲ್ಲಿ ಸಿಕ್ತರಿ?"

ಉಮಾಶ್ರೀ ನನ್ನ ಕಡೆ ತಿರುಗಿದಳು. ಈ ಗಳಿಗೆಗಾಗಿ ನಾನು ಎಷ್ಟು ಚುಚ್ಚುಮಾತುಗಳನ್ನು ಮಸೆದು ಇಟ್ಟಿದ್ದೆ! ಆದರೆ ಅವಳು ಫೋನನ್ನು ನನ್ನ ಕೈಗೇ ಕೊಟ್ಟಳು.

"ನಮ್ಮ ಅತ್ತಿಯವರ ನೀರ ಅದು. ಅವರನ್ನ ಕೇಳ್ರಿ."

ಮಸೆದಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ. ಕಣ್ಣು ತುಂಬಿ ಬಂತು. ಫೋನು ಹಿಡಿದುಕೊಂಡು ತಲಬಾಗಿಲಿಗೆ ಹೋದೆ, ಓಣಿಯವರಿಗೂ ಕೇಳಲಿ ಅಂತ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು ಎನ್ನುವ ಕಾಲದ ಹೆಂಗಸು ನಾನು, ಅವರಿದ್ದಾಗ ಒಮ್ಮೆಯೂ ಹೇಳಿದವಳಲ್ಲ.

"ಬೋರಿನ ನೀರಪ್ಪಾ" ಅಂದೆ. "ನಮ್ಮ ವೀರಪ್ಪನವರು ಹೊಡಿಸಿದ ಬೋರಿನ ನೀರ."