ಟಾರ್ಚಿಗೊಂದು ಅಂಗಿ

ನಾನು ಟಾರ್ಚು ಮಾಡುವವನು. ಹೊಟ್ಟೆಪಾಡಿಗಲ್ಲ, ಅದಕ್ಕೆ ಸಾನಪಾಡಾದ ಆಫೀಸೊಂದರಲ್ಲಿ ಸ್ವಿಚ್‌ಬೋರ್ಡುಗಳ ನಕ್ಷೆ ಬರೆಯುತ್ತೇನೆ. ಭಾನುವಾರ ಠಾಕುರ್ಲಿಯ ಮನೆಯ ಬಾಲ್ಕನಿಯಲ್ಲಿ ಕೂತು, ಅಂಗಡಿಯ ಟಾರ್ಚು ಬಿಚ್ಚಿ, ಅದರೊಳಗೆ ನಾಲ್ಕು ಪಟ್ಟು ಬಲದ ಎಲ್‌ಇಡಿ ಕೂರಿಸುವುದು ನನ್ನ ಹುಚ್ಚು. ಹೆಂಡತಿ ರುಕ್ಮಿಣಿ ಈ ಹುಚ್ಚಿಗೆ ಬೇರೆ ಹೆಸರಿಟ್ಟಿದ್ದಾಳೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಹೋದ ದೀಪಾವಳಿಯಲ್ಲಿ, ಅಣ್ಣತಮ್ಮಂದಿರು ಅಕ್ಕತಂಗಿಯರಿಗೆ ಉಡುಗೊರೆ ಕೊಡುವ ಭಾವುಬೀಜಕ್ಕೆ, ನನ್ನ ಅಕ್ಕ ಗಂಗಾಳಿಗೂ ಟಾರ್ಚೇ ಕೊಟ್ಟೆ. ಅಕ್ಕ ಮಗ ಮನೀಶನ ಜೊತೆ ದಿವಾದಲ್ಲಿದ್ದಾಳೆ, ಡೊಂಬಿವಲಿಯ ಒಂದು ಶಾಲೆಯಲ್ಲಿ ಲೈಬ್ರರಿ ನೋಡಿಕೊಳ್ಳುತ್ತಾಳೆ. ಎರಡು ವರ್ಷಗಳಿಂದ ಅವಳಿಗೆ ಇರುಳುಗಣ್ಣು. ಹಗಲು ಎಲ್ಲ ಸರಿ. ಹೊತ್ತು ಮುಳುಗಿದರೆ ಬೆಳಕಿಲ್ಲದೆ ಏನೂ ಕಾಣುವುದಿಲ್ಲ. ಚಳಿಗಾಲದಲ್ಲಿ ಅವಳು ದಿವಾ ಸ್ಟೇಷನ್ನಿನಲ್ಲಿ ಇಳಿಯುವಷ್ಟರಲ್ಲಿ ಕತ್ತಲು. ಅಲ್ಲಿಂದ ಮನೆಗೆ ಹದಿನೈದು ನಿಮಿಷದ ಗಲ್ಲಿ, ಪಕ್ಕದಲ್ಲೇ ತೆರೆದ ಗಟಾರ. ಕೆಲಸ ಬಿಡು ಎಂದು ಮನೀಶ ಹಟ ಹಿಡಿದಿದ್ದ. ನಿವೃತ್ತಿಗೆ ಇನ್ನೆರಡು ವರ್ಷ ಉಂಟು, ಮನೆಯಲ್ಲಿ ಕೂತರೆ ನನಗೆ ಹುಚ್ಚು ಹಿಡಿಯುತ್ತದೆ ಎಂದು ಅಕ್ಕನ ಹಟ.

ಅಕ್ಕನಿಗೆ ಕೊಡುವುದೆಂದ ಮೇಲೆ ಸಾಧಾರಣದ್ದು ಕೊಡಲಾಗುತ್ತದೆಯೇ? ಕೈಚೀಲದಲ್ಲಿ ಹಿಡಿಸುವ ಪುಟ್ಟ ಟಾರ್ಚಿಗೆ ನನ್ನ ಹತ್ತಿರವಿದ್ದ ಅತಿ ದೊಡ್ಡ ಎಲ್‌ಇಡಿ ತುರುಕಿದೆ. ಅಷ್ಟು ಬೆಳಕು ಕೊಡುವ ವಸ್ತು ಅಷ್ಟೇ ಬಿಸಿಯನ್ನೂ ಕೊಡುತ್ತದೆ. ಆ ಬಿಸಿ ಲೋಹದ ಮೈಗೆ ಹರಿದು ಗಾಳಿಗೆ ಹೋಗಬೇಕು. ಪುಟ್ಟ ಮೈಯಿಂದ ಎಷ್ಟು ಹೋದೀತು? ಹಾಗಾಗಿ, ಬಿಸಿ ಹೆಚ್ಚಿದರೆ ಬೆಳಕು ತಾನೇ ಮಂದವಾಗುವ ಏರ್ಪಾಡು ಒಳಗೆ ಇರುತ್ತದೆ. ಅದನ್ನು ನಾನೇ ಕಿತ್ತುಹಾಕಿದೆ. ನಾನು ಮಾಡಿದ ಟಾರ್ಚು ಮಂದವಾಗುವುದೇ? ಬಾಲ್ಕನಿಯಿಂದ ಬೆಳಕು ಬಿಟ್ಟಾಗ ರೈಲುಹಳಿಯಾಚೆಯ ಕಟ್ಟಡದವನು ಕಿಟಕಿ ತೆರೆದು ಮರಾಠಿಯಲ್ಲಿ ಬೈದ. ನಾನು ಉಬ್ಬಿಹೋದೆ.

ಆಮೇಲೆ ಫೋನು ಮಾಡಿದಾಗಲೆಲ್ಲ ಕೇಳುತ್ತಿದ್ದೆ, "ಟಾರ್ಚು ಹೇಗುಂಟು ಅಕ್ಕ?"

"ಫಸ್ಟ್ ಕ್ಲಾಸ್ ಮಾರಾಯ."

ಜನವರಿಯಲ್ಲಿ ಒಂದು ದಿನ ಮನೀಶನ ಫೋನು ಬಂತು. "ಮಾಮಾ, ಟಾರ್ಚ್ ರಾಸ್ತೇ ಮೇ ಹೀ ಬಂದ್ ಹೋ ಗಯಾ. ಮಮ್ಮೀ ಬೀಸ್ ಮಿನಟ್ ವಹೀಂ ಖಡೀ ಥೀ. ಅಬ್ ಬಸ್."

ಗಲ್ಲಿಯ ನಡುವೆ ಟಾರ್ಚು ಆರಿಹೋಗಿ, ಅಕ್ಕ ಒಂದು ಅಂಗಡಿಯ ಶಟರು ಹಿಡಿದುಕೊಂಡು ಇಪ್ಪತ್ತು ನಿಮಿಷ ನಿಂತಿದ್ದಳಂತೆ. ಪಕ್ಕದ ಮನೆಯ ಸೋನಾಲಿ ಕಂಡು ಕೈಹಿಡಿದು ಕರೆತಂದಳಂತೆ. ಇನ್ನು ಸಾಕು, ಅಕ್ಕ ರಾಜೀನಾಮೆ ಬರೆದಿಟ್ಟಿದ್ದಾಳೆ, ಸೋಮವಾರ ಕೊಡುತ್ತಾಳೆ ಎಂದ.

ನನಗೆ ಸಿಟ್ಟು ಬಂತು, ಅದೂ ಅಕ್ಕನ ಮೇಲೆ. ಎಲ್ಲೋ ಬೀಳಿಸಿದ್ದಾಳೆ ಅಥವಾ ನೀರಿಗೆ ಹಾಕಿದ್ದಾಳೆ ಎಂದುಕೊಂಡು ಶನಿವಾರ ಬೆಳಿಗ್ಗೆ ದಿವಾಕ್ಕೆ ಹೋದೆ.

ಅಕ್ಕ ಟಾರ್ಚು ತಂದಿಟ್ಟಳು. ಅದಕ್ಕೆ ದಪ್ಪ ಟವೆಲಿನ ಅಂಗಿ! ಮಿಕ್ಸಿ, ರಿಮೋಟು, ಗ್ಯಾಸ್ ಸಿಲಿಂಡರು, ಎಲ್ಲಕ್ಕೂ ಅಂಗಿ ಹೊಲಿದು ತೊಡಿಸುವ ಮನೆತನ ನಮ್ಮದು. ಒಳಗೆ ನೋಡಿದರೆ ಬೆಸುಗೆ ಬಿಟ್ಟು ತಂತಿ ಕಳಚಿತ್ತು, ಬ್ಯಾಟರಿಯ ಮೇಲಿನ ಪ್ಲಾಸ್ಟಿಕ್ಕು ಸುಕ್ಕುಗಟ್ಟಿತ್ತು.

"ಇದಕ್ಕೂ ಅಂಗಿಯಾ ಅಕ್ಕ? ಬಿಸಿ ಹೊರಗೆ ಹೋಗುವುದು ಹೇಗೆ? ಇನ್ನು ಸ್ವಲ್ಪ ಹೊತ್ತಾಗಿದ್ರೆ ಬ್ಯಾಟರಿ ಸಿಡೀತಿತ್ತು, ಗೊತ್ತುಂಟಾ?"

ಇನ್ನೂ ಏನೇನೋ ಕೂಗಾಡಿದೆ. ಅವಳು ಒಳಗೆ ಹೋಗಿ ಚಹಾ ತಂದಳು. ಲೋಟ ತೆಗೆದುಕೊಳ್ಳುವಾಗ ಅವಳ ಬಲ ಅಂಗೈ ಕಂಡಿತು. ಬೆರಳ ಬುಡದಲ್ಲಿ ಹಳೆಯ ಬೊಬ್ಬೆ ಒಡೆದು ಕಪ್ಪಾಗಿತ್ತು, ಅದರ ಪಕ್ಕ ಹೊಸ ಚರ್ಮ ಬರುತ್ತಿತ್ತು.

"ಇದೆಂತ ಅಕ್ಕ?"

"ಎಂತದೂ ಇಲ್ಲ." ಕೈ ಹಿಂದೆಳೆದುಕೊಂಡಳು. ನಾನು ಬಿಡಲಿಲ್ಲ. "ಐದು ನಿಮಿಷಕ್ಕೆ ಸುಡ್ತದೆ ಮಾರಾಯ. ಮೊದಲು ಸೆರಗು ಸುತ್ತಿ ಹಿಡೀತಿದ್ದೆ. ಮತ್ತೆ ಅಂಗಿ ಹೊಲಿದೆ."

"ನನಗೆ ಯಾಕೆ ಹೇಳ್ಲಿಲ್ಲ?"

"ಭಾವುಬೀಜದ್ದಲ್ವಾ? ತಮ್ಮ ಕೊಟ್ಟದ್ದಕ್ಕೆ ಕೊಂಕು ಹೇಳ್ಲಿಕ್ಕೆ ಉಂಟಾ? ಅಷ್ಟು ಖುಷಿಯಲ್ಲಿ ಕೊಟ್ಟಿದ್ದಿ."

ನನಗೆ ಬಹಳ ನಾಚಿಕೆಯಾಯಿತು. ಇಷ್ಟು ಹೊತ್ತು ಬೈದದ್ದೆಲ್ಲ ನನಗೇ ಸಲ್ಲಬೇಕಾದದ್ದು. ಟಾರ್ಚು ಮಾಡುವ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಆಗ ಕೇಳಿದೆ.

"ಅಕ್ಕ, ನಿನಗೆ ಎಷ್ಟು ದೂರ ಕಾಣ್ಬೇಕು?"

ಅವಳು ನೆಲ ನೋಡಿ ಒಂದು ಹೆಜ್ಜೆ ಮುಂದಿಟ್ಟಳು, ಆಮೇಲೆ ಇನ್ನೊಂದು. "ಇಷ್ಟು. ಗಟಾರ ಎಲ್ಲುಂಟು ಅಂತ ಗೊತ್ತಾದ್ರೆ ಸಾಕು."

ಆ ರಾತ್ರಿ ಬೇರೆ ಟಾರ್ಚು ಕಟ್ಟಿದೆ. ಮೈ ದೊಡ್ಡದು, ಎಲ್‌ಇಡಿ ಸಣ್ಣದು, ಬಿಸಿ ಎಳೆದುಕೊಳ್ಳಲು ಒಳಗೆ ದಪ್ಪ ತಾಮ್ರದ ಬಿಲ್ಲೆ. ಮಂದವಾಗುವ ಏರ್ಪಾಡನ್ನು ಮುಟ್ಟಲಿಲ್ಲ. ಭಾನುವಾರ ಅದನ್ನು ಉರಿಸಿ ಒಂದು ತಾಸು ನನ್ನ ಕೈಯಲ್ಲೇ ಹಿಡಿದು ಕೂತೆ. ಉಗುರುಬೆಚ್ಚಗಾಯಿತು, ಅಷ್ಟೇ. ಸಂಜೆ ಒಯ್ದು ಕೊಟ್ಟೆ.

"ಇದು ಯಾವ ಹಬ್ಬಕ್ಕೆ?"

"ಯಾವ ಹಬ್ಬದ್ದೂ ಅಲ್ಲ. ಬೈಯಬಹುದು."

ಸೋಮವಾರ ಸಂಜೆ ಆರೂವರೆಯಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಏಳೂಕಾಲಿಗೆ ಅಕ್ಕನ ಫೋನು ಬಂತು.

"ಕಿಟ್ಟಿ, ಎಂತ ಟಾರ್ಚು ಮಾರಾಯ ಇದು? ಸ್ವಿಚ್ಚು ಒತ್ತಿ ಒತ್ತಿ ಬೆರಳು ನೋಯ್ತದೆ. ಕೈಚೀಲದಲ್ಲಿ ಹಿಡಿಯೂದಿಲ್ಲ. ಹಗ್ಗ ಬೇರೆ ಉದ್ದ, ಕಾಲಿಗೆ ತಾಗ್ತದೆ. ಭಾನುವಾರ ಬಂದು ಸರಿ ಮಾಡು. ಈಗ ಇಡ್ತೇನೆ, ನಾಳೆ ಬೇಗ ಹೋಗ್ಬೇಕು, ಲೈಬ್ರರಿಗೆ ಹೊಸ ಪುಸ್ತಕ ಬಂದುಂಟು."